ಮೂರನೇ ತಿರುವಿನ ಸುಂಡೆ

ಕೊಡಚಾದ್ರಿಗೆ ಜೀಪು ಹತ್ತಿಸುವವರಿಗೆ
ಮೈಲಿಗಲ್ಲು ಬೇಕಿಲ್ಲ.
ಮಂಜು ಬಂದು ಬಾನೆಟ್ಟಿನ ಮೇಲೆ ಕೂತರೆ
ಲೈಟು ಹಾಕಿದರೂ ಕಾಣುವುದು ಬರೀ ಬಿಳಿ,
ಹಾಲಿನ ಪಾತ್ರೆಗೆ ಬಿದ್ದ ನೊಣದ ಹಾಗೆ ನಾವು.
ಆಗ ಬಲಗಡೆ ಟಾರ್ಪಾಲಿಗೆ
ಪರಕ್ಕನೆ ಒಂದು ಗೀರು.
ಸುಂಡೆ ಮುಳ್ಳು.
ಮೂರನೇ ತಿರುವು. ಎಡಕ್ಕೆ ಹೊಡಿ.

ಹನ್ನೊಂದು ವರ್ಷ ಹೀಗೇ ಗೀರಿಸಿಕೊಂಡಿದ್ದೇನೆ.
ಟಾರ್ಪಾಲು ಮೂರು ಬದಲಾಯಿತು, ಗಿಡ ಒಂದೇ.

ಎಲೆ ಮೇಲೆ ಹಸಿರು, ಮಗುಚಿದರೆ ಹಿಟ್ಟು ಹಿಟ್ಟು,
ರೊಟ್ಟಿ ತಟ್ಟಿ ಆಗಷ್ಟೇ ಎದ್ದವಳ ಅಂಗೈ.
ಹೂವು ಉಗುರಿನಷ್ಟು, ನೇರಳೆ.
ನಡುವೆ ಐದು ಹಳದಿ ಕಡ್ಡಿ ಒತ್ತಿಕೊಂಡು ನಿಂತಿವೆ
ಕೋರ್ಟಿನಲ್ಲಿ ಬಾಯಿ ಬಿಡದ ಸಾಕ್ಷಿಗಳು.
ಹಣ್ಣು ಕೆಂಪು. ತಿನ್ನಬಾರದೆಂದು ಯಾರೂ ಹೇಳಿಕೊಟ್ಟಿದ್ದಲ್ಲ,
ಒಮ್ಮೆ ಕಚ್ಚಿದರೆ ನಾಲಿಗೆಯೇ ಹೇಳುತ್ತದೆ.

ನನ್ನ ದವಡೆ ಹಲ್ಲಿಗೂ ಇದಕ್ಕೂ ಹಳೇ ಲೆಕ್ಕ.
ಕಟ್ಟಿನಹೊಳೆಯ ದ್ಯಾವಮ್ಮತ್ತೆ
ಹಲ್ಲಿನ ಹುಳ ತೆಗೆಯುವವಳು.
ಮುರುಕು ಕುಡುಗೋಲು ಕೆಂಪಗೆ ಕಾಯಿಸಿ
ತುಪ್ಪ ಸವರಿದ ಸುಂಡೆ ಬೀಜ ಉದುರಿಸಿ
ಮೇಲೆ ಚಿಪ್ಪು ಕವುಚಿ
ಪಪ್ಪಾಯಿ ದಂಟಿನ ಕೊಳವೆ ಬಾಯಿಗಿಟ್ಟಳು:
"ಎಳಿ ಮಾರಾಯ, ಹೊಗೆ ಎಳಿ. ಗಂಡಸಲ್ಲನ ನೀನು?"
ಕಣ್ಣು, ಮೂಗು, ಜೊಲ್ಲು, ಎಲ್ಲ ಒಂದಾದ ಮೇಲೆ
ಬಟ್ಟಲ ನೀರಿನಲ್ಲಿ ತೇಲಿದವು
ಸುರುಳಿ ಸುತ್ತಿದ ನಾಲ್ಕು ಬಿಳಿ ಎಳೆ.
"ನೋಡು, ನಿನ್ನ ಹುಳ."
ಆ ರಾತ್ರಿ ಕೋಳಿ ಕೂಗಿದ್ದೂ ಕೇಳಲಿಲ್ಲ ನನಗೆ.

ಹೊಸನಗರದ ಡಾಕ್ಟರು ನಕ್ಕರು.
ಹುಳ ಅಲ್ಲ ಕಣ್ರೀ, ಬೀಜದೊಳಗಿನ ಮೊಳಕೆ,
ಕಾವಿಗೆ ಸಿಡಿದು ಹೊರಬರುತ್ತೆ ಅಷ್ಟೆ.
ಹಲ್ಲು ಕಿತ್ತು, ಹತ್ತಿ ಕಚ್ಚಿಸಿ ಕಳಿಸಿದರು.
ಅತ್ತೆಗೆ ಹೋಗಿ ಹೇಳಿದೆ.
ಬಟ್ಟಲು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ:
"ಮೊಳಕೆಯೋ ಹುಳವೋ.
ನೀನು ನಿದ್ದೆ ಮಾಡಿದ್ದು ಸುಳ್ಳನ?"

ಹೋದ ಸೆಪ್ಟೆಂಬರಿನಲ್ಲಿ ಒಬ್ಬಳು ಬಂದಳು,
ಧಾರವಾಡದ ಕಡೆ ಮಾತು, ನೀಲಾಂಬಿಕಾ ಅಂತ ಹೆಸರು.
ಇಲ್ಲೇ ನಿಲ್ಲಸ್ರಿ ಅಂದಳು.
ತಿರುವಿನಲ್ಲಿ ನಿಲ್ಲಿಸಬಾರದು. ನಿಲ್ಲಿಸಿದೆ.
ಚೀಲದಿಂದ ಎರಡು ಕವಲಿನ ಉಕ್ಕಿನ ಕಡ್ಡಿ ತೆಗೆದು
ಮೊಣಕಾಲಿಗೆ ಬಡಿದು
ನಡುಗುತ್ತಿದ್ದುದನ್ನು ಹೂವಿಗೆ ತಾಗಿಸಿದಳು.
ಐದೂ ಸಾಕ್ಷಿಗಳ ನೆತ್ತಿಯ ತೂತಿನಿಂದ
ಉಫ್ ಎಂದು ಅರಿಶಿನ,
ಕೆಳಗೆ ಹಿಡಿದ ಕಪ್ಪು ಕಾಗದದ ಮೇಲೆ ಒಂದು ಚಿಟಿಕೆ.

"ಇದರಾಗ ಜೇನ ಇಲ್ರಿ.
ತುಡುವಿಗೆ ಬಾಗಲಾ ತಗಿಯೂದಿಲ್ಲ.
ದುಂಬಿ ಬಂದು ಗಟ್ಟಿ ಅವಚಿ ಹಿಡದು
ರೆಕ್ಕಿ ಆಡಸಲಾರದ, ಮೈಯೆಲ್ಲ ಗುಂಯ್ ಅನ್ನಬೇಕು.
ಆವಾಗಷ್ಟ."

ಹನ್ನೊಂದು ವರ್ಷ ನನ್ನ ಇಂಜಿನ್ನು
ಇದರ ಮುಖಕ್ಕೇ ಗುಂಯ್‌ಗುಟ್ಟಿದೆಯಲ್ಲ!

ಅವಳನ್ನು ಮೇಲೆ ಇಳಿಸಿ
ಖಾಲಿ ಜೀಪಿನಲ್ಲಿ ವಾಪಸು ಬರುವಾಗ ಮತ್ತೆ ನಿಲ್ಲಿಸಿದೆ.
ಸೀಟಿನಲ್ಲಿ ಮರೆತಿದ್ದ ಕಪ್ಪು ಕಾಗದ ಹೂವಿನ ಕೆಳಗೆ ಹಿಡಿದು
ಒಂದು ಕಾಲಲ್ಲಿ ಆಕ್ಸಿಲರೇಟರು ಒತ್ತಲು ನೋಡಿದೆ,
ಕೈ ಎಟುಕಿದರೆ ಕಾಲು ಎಟುಕದು.
ಸುಮ್ಮನೆ ಇಂಜಿನ್ನು ಓಡಲು ಬಿಟ್ಟೆ.
ಎಲೆ ಅದುರಿತು. ಹನಿ ಉದುರಿತು. ಕಾಗದ ಕಪ್ಪಾಗಿಯೇ ಇತ್ತು.
ಹೂವಿನ ಹತ್ತಿರ ಬಾಯಿ ತಂದು
ನಾನೇ ಗುಂಯ್ ಅಂದೆ.
ಕಿತ್ತ ಹಲ್ಲಿನ ಸಂದಿಯಿಂದ ಗಾಳಿ ಸೋರಿ
ಬಂದದ್ದು ಬರೀ ಉಸ್.

ಆಮೇಲೆ ಮಂಜಿನೊಳಗೆ ಎಲ್ಲೋ,
ಗಿಡದ ಆಚೆ ಬದಿಗೋ, ಇನ್ನೂ ಕೆಳಗೋ,
ಸಣ್ಣಗೆ ಶುರುವಾಗಿ
ನಿಂತು
ಮತ್ತೆ ಶುರುವಾಯಿತು.
ಇಂಜಿನ್ನಿನ ಸದ್ದಿನಲ್ಲಿ ಖಾತ್ರಿಯಾಗಲಿಲ್ಲ.

ಗಾಲಿಗೆ ಕಲ್ಲು ಕೊಟ್ಟೆ.
ಕೀ ತಿರುಗಿಸಿದೆ.